ಬೋರ್ಡ್ ಯಾವುದೆಂಬುದು ಪ್ರೋಗ್ರಾಮಿಗೆ ತಿಳಿಯಲೇಬಾರದು

ಮೂರು ಬಗೆಯ ಲಿನಕ್ಸ್ ಬೋರ್ಡ್‌ಗಳಲ್ಲಿ (ಒಂದೇ ಹಲಗೆಯ ಪುಟ್ಟ ಕಂಪ್ಯೂಟರ್‌ಗಳಲ್ಲಿ) ಓಡುವ ಒಂದೇ ಪ್ರೋಗ್ರಾಮು, ತಾನು ಯಾವ ಬೋರ್ಡಿನಲ್ಲಿದ್ದೇನೆಂದು ಪತ್ತೆಹಚ್ಚಿ, ಯಂತ್ರಗಳೊಡನೆ ಮಾತಾಡುವ ಸರಿಯಾದ ಸೀರಿಯಲ್ ಪೋರ್ಟ್ ತೆರೆಯುವುದು ಹೇಗೆಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಹಳ್ಳಿಯ ಡೇರಿಗಳಿಗಾಗಿ ತೂಕದ ಯಂತ್ರ, ಹಾಲಿನ ಕೊಬ್ಬನ್ನು ಅಳೆಯುವ ಫ್ಯಾಟ್ ಯಂತ್ರ ಮತ್ತು ಚೀಟಿ ಪ್ರಿಂಟರ್ ಜೋಡಿಸಿದ ಪೆಟ್ಟಿಗೆಯೊಂದನ್ನು ಮಾಡುವಾಗ ನಾನೂ ಇದೇ ಪ್ರಶ್ನೆಯನ್ನು ಹಿಡಿದು ಕುಳಿತಿದ್ದೆ.

ರಾಸ್ಪ್‌ಬೆರಿ ಪೈ ಬೋರ್ಡ್ ಸಿಗದಿದ್ದಾಗ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಇನ್ನೊಂದು ಬೋರ್ಡನ್ನು ಬಳಸುತ್ತಿದ್ದೆವು. ಅದರಲ್ಲಿ ಯುಎಸ್‌ಬಿ ಹೋಸ್ಟ್ ಪೋರ್ಟ್ ಒಂದೇ ಇರುವುದರಿಂದ ನಡುವೆ ಹಬ್ ಬೇಕಾಯಿತು. ನಾನು ಯುಡೆವ್ (ಜೋಡಿಸಿದ ಸಾಧನಗಳಿಗೆ ಹೆಸರಿಡುವ ಲಿನಕ್ಸ್ ವ್ಯವಸ್ಥೆ) ನಿಯಮ ಬರೆದು, ಯುಎಸ್‌ಬಿ ಸೀರಿಯಲ್ ಪೋರ್ಟಿಗೆ ಲಿನಕ್ಸ್ ಕೊಡುವ ಹೆಸರು ಟಿಟಿವೈಯುಎಸ್‌ಬಿ0 ಎಂದು ಬಂದರೆ ಅದಕ್ಕೆ 'ತೂಕ', ಟಿಟಿವೈಯುಎಸ್‌ಬಿ1 ಬಂದರೆ ಅದಕ್ಕೆ 'ಫ್ಯಾಟ್' ಎಂದು ಹೆಸರಿಟ್ಟು, ಕೆಲಸ ಮುಗಿಯಿತೆಂದುಕೊಂಡೆ. ತಪ್ಪಾದದ್ದು ಇಲ್ಲಿಯೇ. 0 ಮತ್ತು 1 ಎಂಬವು ಯಂತ್ರದ ಗುರುತಲ್ಲ, ಲಿನಕ್ಸಿನ ತಿರುಳಾದ ಕರ್ನಲ್‌ಗೆ ಯಾವುದು ಮೊದಲು ಕಂಡಿತು ಎಂಬ ಸರದಿಯ ಸಂಖ್ಯೆ ಮಾತ್ರ. ಹೆಸರನ್ನೇನೋ ಹೊಸದಾಗಿ ಇಟ್ಟಿದ್ದೆ, ಆದರೆ ಅದನ್ನು ಕಟ್ಟಿದ್ದು ಅದೇ ಅಲುಗಾಡುವ ಗೂಟಕ್ಕೆ. ಯಂತ್ರಗಳ ಸೀರಿಯಲ್ ತಂತಿಯನ್ನು ಯುಎಸ್‌ಬಿಗೆ ಜೋಡಿಸುವ ಎರಡೂ ಪರಿವರ್ತಕಗಳು ಸಿಎಚ್340 ಎಂಬ ಒಂದೇ ಚಿಪ್ಪಿನವು. ವೆಂಡರ್ ಸಂಖ್ಯೆ ಒಂದೇ, ಪ್ರಾಡಕ್ಟ್ ಸಂಖ್ಯೆ ಒಂದೇ, ಸೀರಿಯಲ್ ನಂಬರ್ ಇಲ್ಲವೇ ಇಲ್ಲ. ಮೇಜಿನ ಮೇಲೆ ನೂರು ಸಲ ಸರಿಯಾಗಿ ನಡೆದದ್ದು, ಊರಿನಲ್ಲಿ ಕರೆಂಟು ಹೋಗಿ ಬಂದ ಒಂದು ಬೆಳಿಗ್ಗೆ ಅದಲುಬದಲಾಯಿತು. ನನ್ನ ಪ್ರೋಗ್ರಾಮು ಎರಡೂ ಕಡೆ ಸಾಲಿನ ಮೊದಲ ಸಂಖ್ಯೆಯನ್ನಷ್ಟೇ ಓದುತ್ತಿತ್ತು, 4.2 ಎಂಬುದು ಕಿಲೋ ಆಗಿಯೂ ನಂಬುವಂತಿದೆ, ಫ್ಯಾಟ್ ಆಗಿಯೂ ನಂಬುವಂತಿದೆ. ಒಂಬತ್ತು ಕಿಲೋ ಹಾಲು ಹಾಕಿದ ಹಿರಿಯರೊಬ್ಬರು ಚೀಟಿಯಲ್ಲಿ ಆ ಒಂಬತ್ತು ಫ್ಯಾಟ್ ಆಗಿರುವುದನ್ನು ನೋಡಿ, "ಏನ್ ಸ್ವಾಮಿ, ನಮ್ ಎಚ್‌ಎಫ್ ಹಸು ಎಮ್ಮೆ ಆಗ್ಬಿಡ್ತಾ?" ಎಂದು ಕೇಳದಿದ್ದರೆ ಇನ್ನೆಷ್ಟು ದಿನ ಹಾಗೆಯೇ ನಡೆಯುತ್ತಿತ್ತೋ. ಅಷ್ಟರಲ್ಲಿ ನಾಲ್ಕು ದಿನದ ಲೆಕ್ಕ ಕೆಟ್ಟಿತ್ತು.

ಆದ್ದರಿಂದ ಬೋರ್ಡನ್ನು ಪತ್ತೆಹಚ್ಚುವ ಯೋಚನೆಯನ್ನೇ ಬಿಡಿ. ಪ್ರೋಗ್ರಾಮು 'ತೂಕ' ಎಂಬ ಹೆಸರನ್ನು ಮಾತ್ರ ತೆರೆಯಲಿ, ಆ ಹೆಸರನ್ನು ಒದಗಿಸುವುದು ಆಯಾ ಬೋರ್ಡಿಗೆ ತುಂಬುವ ಸಿಸ್ಟಂ ಇಮೇಜಿನ ಹೊಣೆಯಾಗಲಿ. ಯುಡೆವ್ ನಿಯಮವನ್ನು ಭೌತಿಕ ಪೋರ್ಟಿನ ದಾರಿಗೆ ಕಟ್ಟಿರಿ. ಒಂದು ಬೋರ್ಡಿನಲ್ಲಿ ಅದು 1-1.2 ಆದರೆ ಇನ್ನೊಂದರಲ್ಲಿ ಬೇರೆಯಾಗುವುದರಿಂದ ಬೋರ್ಡಿಗೊಂದು ನಿಯಮದ ಕಡತ ಬೇಕಾಗುತ್ತದೆ. ಬೋರ್ಡಿನ ಮೇಲೆಯೇ ಇರುವ ಯುಆರ್ಟ್‌ಗಳಿಗೆ (ಸೀರಿಯಲ್ ಪೋರ್ಟಿನ ಸರ್ಕ್ಯೂಟುಗಳಿಗೆ) ಡಿವೈಸ್ ಟ್ರೀಯ, ಅಂದರೆ ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ತಿಳಿಸುವ ವಿವರಪಟ್ಟಿಯ, ಅಲಿಯಾಸ್ (ಅಡ್ಡಹೆಸರು) ಇದೆ. ಪೈ 3ರಲ್ಲಿ ಬ್ಲೂಟೂತ್ ಮುಖ್ಯ ಯುಆರ್ಟನ್ನು ಕಬಳಿಸಿ ಪಿನ್ನುಗಳಿಗೆ ಮಿನಿ ಯುಆರ್ಟ್ ಉಳಿದಾಗ, ಪೈ ತಯಾರಿಸಿದವರೇ ಸೀರಿಯಲ್0 ಎಂಬ ಕೊಂಡಿಯಿಂದ ಆ ಗೊಂದಲವನ್ನು ಮರೆಮಾಡಿದರು. ಜಿಪಿಐಒ ಪಿನ್ನುಗಳಿಗೂ (ಪ್ರೋಗ್ರಾಮು ನೇರವಾಗಿ ಓದಬಲ್ಲ, ಬದಲಿಸಬಲ್ಲ ಪಿನ್ನುಗಳಿಗೂ) ಡಿವೈಸ್ ಟ್ರೀಯಲ್ಲಿ ಲೈನ್ ಹೆಸರು ಕೊಡಿ. ಸಂಖ್ಯೆಯನ್ನು ನಂಬಿದವರಿಗೆ ಕರ್ನಲ್ 6.6ರಲ್ಲಿ ಪೈ 4ರ 17ನೇ ಪಿನ್ನಿನ ಸಂಖ್ಯೆ, ಸಿಸ್‌ಎಫ್‌ಎಸ್ ಎಂಬ ಕರ್ನಲ್ ಕಡತಗಳಲ್ಲಿ, ಇದ್ದಕ್ಕಿದ್ದಂತೆ 529 ಆಯಿತು.

ಪೋರ್ಟಿನ ದಾರಿಗೂ ಒಂದು ಮಿತಿಯಿದೆ: ಯಾರಾದರೂ ಕೇಬಲ್ ಕಿತ್ತು ಪಕ್ಕದ ಕಿಂಡಿಗೆ ಚುಚ್ಚಿದರೆ ಹೆಸರು ಮತ್ತೆ ಸುಳ್ಳಾಗುತ್ತದೆ. ಹಾಗಾಗಿ ಈಗ ಪ್ರೋಗ್ರಾಮು ಪೋರ್ಟ್ ತೆರೆದೊಡನೆ ಬಂದ ಸಾಲು ಆ ಯಂತ್ರದ ರೂಪದಲ್ಲಿಯೇ ಇದೆಯೇ ಎಂದು ಪರೀಕ್ಷಿಸುತ್ತದೆ, ಇಲ್ಲದಿದ್ದರೆ ಚೀಟಿ ಮುದ್ರಿಸುವುದಿಲ್ಲ. ಕಿಂಡಿಗೂ ಕೇಬಲ್ಲಿಗೂ ಒಂದೇ ಬಣ್ಣದ ಪೇಂಟ್ ಬಳಿದಿದ್ದೇನೆ.