ಕೆಂಪುಮಣ್ಣು ಹಾಕಿದರೆ ಸೀಸ ಹೋಗುವುದಿಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಅಕ್ಕ ಒಬ್ಬರ ಪತ್ರ ಬಂದಿದೆ. ಅವರ ಊರಿನ ಹೊಳೆಬದಿಯ ಒಂದು ಜಾಗದಲ್ಲಿ ವರ್ಷಗಟ್ಟಲೆ ಗುಜರಿಯವರು ಹಳೆ ಬ್ಯಾಟರಿ ಒಡೆದರು, ವಯರ್ ಸುಟ್ಟರು. ಈಗ ಅದರ ಮೇಲೆ ಕೆಂಪುಮಣ್ಣು ಹಾಕಿ ಮನೆಗಳನ್ನು ಕಟ್ಟುತ್ತಾರಂತೆ. ಬೇಡ ಎಂದವರಿಗೆ ಸಿಕ್ಕಿದ ಮಾತು: "ಬಡವರಿಗೆ ಮನೆ ಸಿಗುವಾಗ ನಿಮಗೆ ಹೊಟ್ಟೆಕಿಚ್ಚಾ?" ಪಕ್ಕದ ಬಾವಿಯ ನೀರಿನ ಮೇಲೆ ಎಣ್ಣೆಯಂತೆ ಬಣ್ಣಬಣ್ಣದ ಪೊರೆ ಕಾಣುತ್ತಿದೆ ಎಂದೂ ಬರೆದಿದ್ದಾರೆ. "ನಾವು ಮಾಡುತ್ತಿರುವುದು ತಪ್ಪಾ?" ಎಂಬುದು ಅವರ ಪ್ರಶ್ನೆ.

ಅಕ್ಕಾ, ತಪ್ಪಲ್ಲ. ಬ್ಯಾಟರಿಯೊಳಗಿನ ಸೀಸ ಎಂಬ ವಿಷಲೋಹ ಆ ಮಣ್ಣಿನಲ್ಲಿ ಇದ್ದರೆ ಮೊದಲು ಪೆಟ್ಟು ಬೀಳುವುದು ಅಲ್ಲಿಗೆ ಒಕ್ಕಲು ಬರುವವರ ಮಕ್ಕಳಿಗೆ. ಅಂಗಳದಲ್ಲಿ ಆಡಿದ ಕೈಯನ್ನು ಹಾಗೇ ಬಾಯಿಗಿಡುವ ವಯಸ್ಸು ಅವರದು. ಮಕ್ಕಳ ಮೆದುಳಿಗೆ ಇಷ್ಟು ಸೀಸ ಹೋದರೆ ಪರವಾಗಿಲ್ಲ ಎಂಬ ಲೆಕ್ಕವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸೊಪ್ಪು ಕೊಳೆತು ಮಣ್ಣಾಗುತ್ತದೆ, ಸೀಸ ಹಾಗೆ ಕೊಳೆಯುವುದಿಲ್ಲ. ಮೇಲೆ ಎರಡಡಿ ಕೆಂಪುಮಣ್ಣು ಹಾಕಿದರೆ ಕಣ್ಣಿಗೆ ಚೆಂದ, ಅಷ್ಟೇ. ನಾಳೆ ಮನೆಯ ಅಡಿಪಾಯಕ್ಕೆ ಅಗೆಯುತ್ತಾರೆ, ಕಕ್ಕಸು ಗುಂಡಿ ತೋಡುತ್ತಾರೆ, ಯಾರೋ ಒಂದು ತೆಂಗಿನ ಸಸಿ ನೆಡುತ್ತಾರೆ. ಅಡಿಯ ಮಣ್ಣು ಮೇಲೆ ಬಂದೇ ಬರುತ್ತದೆ. ಅದೂ ಹೊಳೆಬದಿ. ಉಬ್ಬರದಲ್ಲಿ ನೀರು ನೆಲದೊಳಗೆ ಒತ್ತುತ್ತದೆ, ಇಳಿತದಲ್ಲಿ ಹೊಳೆಗೆ ಹಿಂದೆ ಸರಿಯುತ್ತದೆ. ಅದರ ಜೊತೆ ಏನೇನು ಹೋಗುತ್ತದೋ! ಕೆಸರಿನಲ್ಲಿರುವ ಮರುವಾಯಿ (ಕಪ್ಪೆಚಿಪ್ಪು) ಅದೇ ನೀರನ್ನು ಸೋಸಿ ಬದುಕುವ ಜೀವಿ. ಲೋಹಗಳು ಅದರ ಮೈಯಲ್ಲಿ ಕೂಡುತ್ತಾ ಹೋಗುತ್ತವೆ. ಅದು ಬರುವುದು ನಮ್ಮ ಅಡುಗೆಮನೆಗೇ ಅಲ್ವಾ?

ಆದರೆ ಬಾವಿಯ ಪೊರೆಯ ವಿಷಯದಲ್ಲಿ ಸ್ವಲ್ಪ ತಡೆಯಿರಿ. ಒಂದು ಕೊಡ ನೀರನ್ನು ಅಗಲ ಪಾತ್ರೆಗೆ ಹೊಯ್ದು, ಪೊರೆ ಕಟ್ಟಿದ ಮೇಲೆ ಕಡ್ಡಿಯಿಂದ ಕದಡಿ ನೋಡಿ. ಗಾಜಿನ ಚೂರಿನ ಹಾಗೆ ಒಡೆದು ಹಾಗೇ ನಿಂತರೆ ಅದು ಹೆಚ್ಚಾಗಿ ಕಬ್ಬಿಣದ ಅಂಶದಿಂದ ಆದದ್ದು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನಾಡಿನಲ್ಲಿ ಅದು ಮಾಮೂಲಿ. ಸುರುಳಿ ಸುತ್ತಿ ಮತ್ತೆ ಕೂಡಿಕೊಂಡರೆ ಎಣ್ಣೆ. ಅರ್ಜಿಯಲ್ಲಿ ಒಂದು ಮಾತು ಸುಳ್ಳಾದರೆ ಉಳಿದ ಹತ್ತು ನಿಜವನ್ನೂ ಯಾರೂ ಕೇಳುವುದಿಲ್ಲ. ಸೀಸವಂತೂ ಕಣ್ಣಿಗೆ ಕಾಣುವುದೇ ಇಲ್ಲ, ಅದಕ್ಕೆ ಲ್ಯಾಬೇ ಬೇಕು.

ಅಮೆರಿಕದ ನಯಾಗರ ಫಾಲ್ಸ್ ಊರಿನ ಲವ್ ಕೆನಾಲ್‌ನಲ್ಲೂ ಹೀಗೇ ಆಯಿತು. ಸುಮಾರು 21,000 ಟನ್ ರಾಸಾಯನಿಕ ಕಸದ ಮೇಲೆ ಜೇಡಿಮಣ್ಣು ಮುಚ್ಚಿ, 1953ರಲ್ಲಿ 1 ಡಾಲರಿಗೆ ಶಾಲಾ ಮಂಡಳಿಗೆ ಕೊಟ್ಟರು. ಶಾಲೆ ಬಂತು, ಸುತ್ತ ಮನೆಗಳು ಬಂದವು. ಮಳೆನೀರು ತುಂಬಿ ವಿಷ ನೆಲಮಾಳಿಗೆಗಳಿಗೆ ಒಸರಿತು. ಲೋಯಿಸ್ ಗಿಬ್ಸ್ ಎಂಬ ತಾಯಿ ಮನೆಮನೆ ಬಾಗಿಲು ಬಡಿದು ಜನರನ್ನು ಸೇರಿಸಿದರು. 1978ರಲ್ಲಿ ಸರಕಾರ ತುರ್ತುಸ್ಥಿತಿ ಸಾರಿ ಜನರನ್ನು ಎಬ್ಬಿಸಬೇಕಾಯಿತು. ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ದೇಶದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ತಡವಾದದ್ದಕ್ಕೆ ಬೆಲೆ ಕೊಟ್ಟವರ ಮನೆಗಳು ನಮಗೆ ಗೊತ್ತು.

ನಿಮ್ಮ ಪತ್ರದಲ್ಲಿ ಒಂದು ಕೊರತೆ ಕಂಡಿತು, ಬೇಸರ ಮಾಡಬೇಡಿ. ಮನೆಗೆ ಕಾಯುತ್ತಿರುವವರ ಮಾತು ಒಂದೂ ಇಲ್ಲ. ಬಾಡಿಗೆ ಕಟ್ಟಿ ಸೋತವರಿಗೆ ನಿಮ್ಮ "ಬೇಡ" ಹೇಗೆ ಕೇಳಿಸೀತು? ಮೊದಲು ಅವರ ಜಗಲಿಯಲ್ಲಿ ಹೋಗಿ ಕೂತುಕೊಳ್ಳಿ. "ಮನೆ ಬೇಡ" ಎಂಬ ಬೋರ್ಡು ತೆಗೆದು "ಮನೆ ಬೇಕು, ಮೊದಲು ಮಣ್ಣು ಪರೀಕ್ಷೆ ಆಗಲಿ" ಎಂದು ಬರೆಯಿರಿ. ಅವರ ಸಹಿ ಮೊದಲು ಬರಲಿ.

ಮೇಲಿನ ಮಣ್ಣು ಮಾತ್ರ ಅಲ್ಲ, ಆಳದ ಮಣ್ಣನ್ನೂ ತೆಗೆದು ನೋಡಲು ಕೇಳಿ. ಬಾವಿ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆ ಕಳೆದ ಮೇಲೊಮ್ಮೆ ನೋಡಲಿ. ವಿಷ ಸಿಕ್ಕಿದರೆ ಆ ಮಣ್ಣನ್ನು ಅಗೆದು ಸಾಗಿಸಬೇಕು, ಇಲ್ಲವೇ ಬೇರೆ ಜಾಗ ಕೊಡಬೇಕು. ಉಬ್ಬರದ ನೀರು ಬರುವ ಹೊಳೆಯ ದಡಕ್ಕೂ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಆ ಅನುಮತಿಯನ್ನೂ ವಿಚಾರಿಸಿ. ಕೊಚ್ಚಿ ಹತ್ತಿರದ ಮರಡಿನಲ್ಲಿ ಅದೇ ನಿಯಮ ಮೀರಿದ 4 ಫ್ಲ್ಯಾಟ್ ಕಟ್ಟಡಗಳನ್ನು 2020ರ ಜನವರಿಯಲ್ಲಿ ಕೆಡವಿದರು. ದುಡ್ಡು ಕೊಟ್ಟು ಕೊಂಡವರು ಬೀದಿಗೆ ಬಂದರು.

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರಾದ ನಮಗೆ ಆ ಹಕ್ಕು 1969ರ ಅಧಿಕೃತ ಭಾಷಾ ಕಾಯ್ದೆಯಿಂದಲೇ ಬಂದದ್ದು. ಊರಿನ ಅಜ್ಜಿಯೂ ಓದಿಸಿಕೊಂಡು, ಅರ್ಥ ಮಾಡಿಕೊಂಡು ಸಹಿ ಹಾಕುವಂತಿರಲಿ.

ವರದಿ ಬರುವ ತನಕ ಆ ಬಾವಿಯ ನೀರನ್ನು ಕುಡಿಯಬೇಡಿ, ಅಡುಗೆಗೂ ಬೇಡ. ಕುದಿಸಿದರೆ ಸೀಸ ಹೋಗುವುದಿಲ್ಲ. ವರದಿ ಬಂದ ದಿನ ನಮಗೊಂದು ಪ್ರತಿ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.

– ಸಂಪಾದಕ