ತಾತನ ಕೋವಿಗೆ ತುಕ್ಕು ಹಿಡಿದಿದೆ, ಮರಳು ಕಾಗದದಲ್ಲಿ ಉಜ್ಜಬಹುದಾ?

ಅಟ್ಟದ ಮೇಲಿದ್ದ ತಾತನ ಜೋಡಿ ನಳಿಗೆ ಕೋವಿಗೆ ಕೆಂಪಗೆ ತುಕ್ಕು ಬಂದಿದೆ, ಉಜ್ಜಿ ಹೊಳೆಯುವ ಹಾಗೆ ಮಾಡಬೇಕು ಅಂತ ಕೇಳಿದ್ದೀರಿ. ದಯವಿಟ್ಟು ಮರಳು ಕಾಗದ ಮುಟ್ಟಬೇಡಿ. ನಾನು ಉಜ್ಜಿ ಕೆಡಿಸಿಕೊಂಡವನು.

ನಮ್ಮದು ಕೊಡಗು. ಸೆಪ್ಟೆಂಬರ್ ಶುರುವಿನಲ್ಲಿ ಕೈಲ್‌ಪೊಳ್ದ್, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬ ಬರುತ್ತದೆ. ಕೋವಿಗಳಿಗೆ ತೋಕ್ ಪೂ, ಅಂದರೆ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಮೂರು ತಿಂಗಳ ಮಳೆಯ ಥಂಡಿ ಕುಡಿದ ಕಬ್ಬಿಣ ಹೊರಗೆ ಬರೋದೂ ಆಗಲೇ. ಒಂದು ವರ್ಷ ಹಬ್ಬಕ್ಕೆ ಫಳಫಳ ಅನ್ನಲಿ ಅಂತ ನಮ್ಮ ಕೋವಿಗೆ ವಿನೆಗರ್ ಹಚ್ಚಿ ತಿಕ್ಕಿದೆ. ತುಕ್ಕು ಹೋಯಿತು, ಜೊತೆಗೆ ನಳಿಗೆಯ ನೀಲಿಗಪ್ಪು ಬಣ್ಣವೂ ಹೋಯಿತು. ಎರಡೇ ವಾರಕ್ಕೆ ಆ ಬೋಳು ಕಬ್ಬಿಣದ ಮೇಲೆ ಮತ್ತೆ ತುಕ್ಕು! ಆ ಬಣ್ಣ ಪೇಂಟ್ ಅಲ್ಲ, ಅದೂ ಒಂದು ಬಗೆಯ ತುಕ್ಕೇ. ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಕಪ್ಪು ತುಕ್ಕು ಮೈಗೆ ಅಂಟಿಕೊಂಡು ಕಾಯುತ್ತದೆ. ವಿನೆಗರ್ ಆಗಲಿ ಮರಳು ಕಾಗದ ಆಗಲಿ ಎರಡನ್ನೂ ತೆಗೆದುಬಿಡುತ್ತದೆ.

ಕೈ ಹಾಕುವ ಮೊದಲು ಕೋವಿ ಖಾಲಿ ಇದೆಯಾ ನೋಡಿ. ನಿಮ್ಮದು ಮಡಚಿ ತೆರೆಯುವಂಥದ್ದಾದರೆ ಸುಲಭ. ಕೇಪಿನ ಕೋವಿಯಾದರೆ, ಅಂದರೆ ಬಾಯಿಂದ ಮದ್ದು ತುಂಬುವಂಥದ್ದಾದರೆ, ನಳಿಗೆಗೆ ಮರದ ಕೋಲು ಇಳಿಸಿ, ಎಷ್ಟು ಒಳಗೆ ಹೋಯಿತು ಅಂತ ನಳಿಗೆಯ ಹೊರಗೆ ಇಟ್ಟು ಅಳೆಯಿರಿ. ತಳ ಮುಟ್ಟದಿದ್ದರೆ ಒಳಗೆ ಹಳೆ ಮದ್ದು ಇರಬಹುದು. ಅದನ್ನು ರಿಪೇರಿಯವರಿಗೇ ಬಿಡಿ.

ಆಮೇಲೆ ಹೊಲಿಗೆ ಮಿಷನ್ ಎಣ್ಣೆ ಹಚ್ಚಿ ಒಂದು ರಾತ್ರಿ ಸುಮ್ನೆ ಬಿಡಿ. ಮರುದಿನ ಅದೇ ಎಣ್ಣೆಯಲ್ಲಿ ಅದ್ದಿದ, ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿ. ಪಾತ್ರೆ ತಿಕ್ಕುವ ಗುಂಜು ಬೇಡ. ಒರೆಸಿದ ಬಟ್ಟೆಗೆ ಕಾಫಿ ಡಿಕಾಕ್ಷನ್ ಬಣ್ಣ ಬರುತ್ತದೆ. ಮತ್ತೆ ಎಣ್ಣೆ, ಮತ್ತೆ ಬಟ್ಟೆ. ದಪ್ಪ ಹಕ್ಕಳೆ ಇದ್ದ ಕಡೆ ಹಳೆ ತಾಮ್ರದ ಕಾಸಿನ ಅಂಚಿನಿಂದ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆದು, ಗೀರು ಬೀಳಲ್ಲ. ಕೆಳಗೆ ಸಣ್ಣ ಗುಳಿಗಳು ಕಂಡರೆ ಹಾಗೇ ಇರಲಿ. ಅವನ್ನು ಸಮ ಮಾಡಲು ಹೋದರೆ ನಳಿಗೆಯೇ ತೆಳ್ಳಗಾಗುತ್ತದೆ. ನಂಬರು, ಮುದ್ರೆ ಇರುವ ಜಾಗದಲ್ಲಂತೂ ಕೆರೆಯಲೇಬೇಡಿ. ನಂಬರು ಅಳಿಸೋದು ಅಪರಾಧ.

ನನ್ನ ಕೋವಿಯನ್ನು ಉಳಿಸಿದ್ದು ಒಬ್ಬ ವಯಸ್ಸಾದ ರಿಪೇರಿಯವರು. ಬೇಕಂತಲೇ ತೆಳುವಾಗಿ ತುಕ್ಕು ಬರಿಸಿ, ನಳಿಗೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರು. ಕೆಂಪು ಕಣ್ಣೆದುರೇ ಕಪ್ಪಾಯಿತು! ಒರೆಸಿ, ಮತ್ತೆ ತುಕ್ಕು, ಮತ್ತೆ ಕುದಿ, ಹೀಗೆ ಆರೇಳು ಸಲ. ಬೇಗ ಆಗಲಿ ಅಂತ ಯಾರಾದರೂ ಬಿಸಿ ಕ್ಷಾರದಲ್ಲಿ ಅದ್ದಿ ಕೊಡ್ತೀನಿ ಅಂದರೆ ಒಪ್ಪಬೇಡಿ. ಹಳೆ ಜೋಡಿ ನಳಿಗೆಗಳನ್ನು ಹೆಚ್ಚಾಗಿ ಸೀಸ-ತವರದ ಬೆಸುಗೆಯಲ್ಲಿ ಕೂಡಿಸಿರುತ್ತಾರೆ, ಕ್ಷಾರ ಅದನ್ನು ತಿನ್ನುತ್ತದೆ.

ಕೋವಿಯ ಹಿಡಿಯ ಮರಕ್ಕೆ ಅಗಸೆ ಎಣ್ಣೆ, ತೀರಾ ತೆಳ್ಳಗೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಈಡು ಹೊಡೆಯುವ ಆಸೆ ಇದ್ದರೆ ಮೊದಲು ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ. ಇನ್ನು, ತಾತನ ಲೈಸೆನ್ಸ್ ತಾನಾಗಿ ಮೊಮ್ಮಗನಿಗೆ ಬರಲ್ಲ, ಅಲ್ವಾ? ಕಾಗದ ನಿಮ್ಮ ಹೆಸರಿಗೆ ಆಗಿಲ್ಲದಿದ್ದರೆ ಎಣ್ಣೆಗಿಂತ ಮೊದಲು ಅದನ್ನು ಸರಿಮಾಡಿಸಿ.

ಮತ್ತೆ ಆ ಹಳೆ ಚರ್ಮದ ಚೀಲಕ್ಕೆ ತುರುಕಬೇಡಿ. ಚರ್ಮ ತೇವ ಹಿಡಿದಿಡುತ್ತದೆ. ನಮ್ಮದಕ್ಕೆ ತುಕ್ಕು ಶುರುವಾಗಿದ್ದೇ ಅದರೊಳಗೆ.