ಎಲ್ಲದಕ್ಕೂ ‘ಒತ್ತಡ’ ಅಂದ್ರೆ ಸಾಲಲ್ಲ

ನಮಸ್ಕಾರ, ಪ್ರೊಫೆಷನಲ್ ಫುಟ್‌ಬಾಲ್ ಆಟಗಾರರು ಮೈದಾನದಲ್ಲಿ ಯಾಕೆ ರೊಚ್ಚಿಗೇಳ್ತಾರೆ ಅಂತ ನೀವು ಕಳ್ಸಿದ ಲೇಖನ ಪೂರ್ತಿ ಓದ್ದೆ. ವಿಷಯ ನಂಗೆ ತುಂಬಾ ಇಷ್ಟ ಆಯ್ತು, ಆದ್ರೆ ಈಗಿರೋ ಹಾಗೆ ಹಾಕೋಕಾಗಲ್ಲ. ಫ್ರಾನ್ಸ್‌ನ ಜಿದಾನ್ ಎದುರಾಳಿಗೆ ತಲೆಯಿಂದ ಗುದ್ದಿದ್ದು, ಉರುಗ್ವೆಯ ಸುವಾರೆಜ್ ಎದುರಾಳಿಗಳನ್ನ ಕಚ್ಚಿದ್ದು, ಇಟಲಿಯ ಕಿಯೆಲ್ಲಿನಿ ಅಂಗಿ ಹಿಡಿದು ಎಳೆದಿದ್ದು, ಮೂರಕ್ಕೂ ನೀವು ಕೊಟ್ಟಿರೋ ಕಾರಣ ಒಂದೇ, ಒತ್ತಡ. ಒತ್ತಡ ಮೈದಾನದಲ್ಲಿರೋ 22 ಜನಕ್ಕೂ ಇರುತ್ತಲ್ವಾ, ಹಾಗಿದ್ಮೇಲೆ ಅವರಲ್ಲಿ ಒಬ್ಬನೇ ಯಾಕೆ ತಾಳ್ಮೆ ಕಳ್ಕೊಂಡ? ಓದೋರು ಕೇಳೋದೇ ಇದನ್ನ.

ಮೊದ್ಲು ಕಿಯೆಲ್ಲಿನಿ ಭಾಗ ತೆಗೆದುಬಿಡಿ. 2021ರಲ್ಲಿ ನಡೆದ ಯೂರೋ ಫೈನಲ್‌ನಲ್ಲಿ ಇಂಗ್ಲೆಂಡಿನ ಸಾಕಾ ತಪ್ಪಿಸ್ಕೊಂಡು ಓಡೋವಾಗ ಕಾಲರ್ ಹಿಡಿದು ಎಳೆದ್ರಲ್ಲ, ಅಲ್ಲಿ ಸಿಟ್ಟಿಗಿಂತ ಲೆಕ್ಕಾಚಾರನೇ ಕಾಣೋದು, ಹಳದಿ ಕಾರ್ಡ್ ಬಂದ್ರೂ ಪರ್ವಾಗಿಲ್ಲ ಆ ಹುಡುಗ ಮುಂದೆ ಹೋಗಬಾರ್ದು ಅಷ್ಟೇ. ಏನೋ ಲಾಭಕ್ಕೆ ಮಾಡೋ ಫೌಲನ್ನೂ ಎದುರಿನವನಿಗೆ ನೋವು ಮಾಡ್ಲೇಬೇಕು ಅಂತ ಮಾಡೋದನ್ನೂ ಸೈಕಾಲಜಿಯವರು ಬೇರೆಬೇರೆ ಇಟ್ಟು ನೋಡ್ತಾರೆ, ನೀವು ಎರಡನ್ನೂ ಕಲಸಿದ್ದಕ್ಕೇ ವಾದ ನಿಲ್ತಾ ಇಲ್ಲ.

ಜಿದಾನ್ ಭಾಗದಲ್ಲಿ ನಿಜವಾದ ಸರಕಿದೆ, ಆದ್ರೆ ನೀವು ಎರಡೇ ಸಾಲಲ್ಲಿ ಮುಗಿಸಿದೀರ. 2006ರ ವಿಶ್ವಕಪ್ ಫೈನಲ್, ಎಕ್ಸ್‌ಟ್ರಾ ಟೈಮ್, ಸ್ಕೋರ್ 1-1, ಗೆಲುವು ತಂದುಕೊಡಬಹುದಿದ್ದ ಅವರ ಹೆಡರನ್ನ, ಅಂದ್ರೆ ತಲೆಯಿಂದ ಹೊಡೆದ ಚೆಂಡನ್ನ, ಇಟಲಿ ಗೋಲ್‌ಕೀಪರ್ ಬುಫಾನ್ 104ನೇ ನಿಮಿಷದಲ್ಲಿ ತಡೀತಾರೆ, ಆಮೇಲೆ ಇಟಲಿಯ ಮಾಟೆರಾಜಿ ಅವರ ಅಂಗಿ ಎಳೀತಾರೆ, ಮಾತಿಗೆ ಮಾತು ಬೆಳೆದು ಮಾಟೆರಾಜಿ ಜಿದಾನ್ ಅಕ್ಕನ ವಿಷಯಕ್ಕೆ ಬರ್ತಾರೆ, ಜಿದಾನ್ ತಲೆಯಿಂದ ಗುದ್ತಾರೆ, 110ನೇ ನಿಮಿಷಕ್ಕೆ ಕೆಂಪು ಕಾರ್ಡ್. ನೀವು ಹೇಳಿರೋ 1939ರ ಸಿದ್ಧಾಂತ, ಅಂದ್ರೆ ಹತಾಶೆಯಿಂದ ಆಕ್ರಮಣ ಹುಟ್ಟುತ್ತೆ ಅನ್ನೋದು, ಅಷ್ಟಕ್ಕೇ ನಿಂತಿಲ್ಲ. ಮನಶ್ಶಾಸ್ತ್ರಜ್ಞ ಬರ್ಕೊವಿಟ್ಸ್ ಅದನ್ನ ಆಮೇಲೆ ತಿದ್ದಿದ್ರು, ಹತಾಶೆ ಮನಸ್ಸಲ್ಲಿ ಕಹಿ ತುಂಬಿ ಸಿಟ್ಟಿಗೆ ಸಿದ್ಧ ಮಾಡುತ್ತೆ, ಸುತ್ತ ನಡೆಯೋದ್ರಲ್ಲಿ ಯಾವ್ದೋ ಒಂದು ಅದನ್ನ ಕೆರಳಿಸುತ್ತೆ ಅಂತ. ಆ ಆರು ನಿಮಿಷವನ್ನ ಈ ಕಣ್ಣಲ್ಲಿ ನೋಡಿ ಬರೀರಿ, ಆದ್ರೆ ಜಿದಾನ್ ಮನಸ್ಸಲ್ಲಿ ಹೀಗೇ ಓಡ್ತಿತ್ತು ಅಂತ ಮಾತ್ರ ಖಡಾಖಂಡಿತವಾಗಿ ಬರೀಬೇಡಿ, ಅದು ಯಾರಿಗೂ ಗೊತ್ತಾಗಲ್ಲ.

ಸುವಾರೆಜ್ ಕಥೆ ಬೇರೆ. 2010, 2013, 2014, ಮೂರು ಬೇರೆ ತಂಡದಲ್ಲಿ ಆಡ್ತಾ ಮೂರು ಸಲ ಕಚ್ಚಿದಾರೆ, 7 ಮ್ಯಾಚ್, 10 ಮ್ಯಾಚ್ ನಿಷೇಧ ಬಿದ್ಮೇಲೂ ಮತ್ತೆ. ಇಲ್ಲಿ ಆ ದಿನದ ಒತ್ತಡಕ್ಕಿಂತ ಆವೇಗವನ್ನ ತಡ್ಕೊಳ್ಳೋ ಶಕ್ತಿ ಬಗ್ಗೆ ಕೇಳ್ಬೇಕು. ಬಾಲ್ಯದ ಬಡತನವೇ ಕಾರಣ ಅಂತ ನೀವು ಬರೆದಿರೋದು ನಂಗೆ ನಿಜಕ್ಕೂ ಬೇಜಾರಾಯ್ತು, ಬಡತನದಲ್ಲಿ ಬೆಳೆದ ಎಷ್ಟೋ ಆಟಗಾರರು ಯಾರ ಮೈಗೂ ಬಾಯಿ ಹಾಕಿಲ್ಲ.

ದೊಡ್ಡೋರು ಗೊಂಬೆಗೆ ಹೊಡೆಯೋದನ್ನ ನೋಡಿ ಮಕ್ಕಳೂ ಹಾಗೇ ಮಾಡ್ತಾರೆ ಅಂತ ತೋರಿಸಿದ ಬಂಡೂರಾ ಗೊಂಬೆ ಪ್ರಯೋಗಕ್ಕೆ ಒಂದು ಪುಟ ಬೇಡ, ಒಂದು ಪ್ಯಾರಾ ಸಾಕು. ಸುವಾರೆಜ್‌ನ ಇನ್ನೊಂದು ಲೇಖನಕ್ಕೆ ಇಟ್ಕೊಂಡು ಸದ್ಯಕ್ಕೆ ಜಿದಾನ್ ಒಬ್ಬರನ್ನೇ ಹಿಡ್ಕೊಂಡು 104ನೇ ನಿಮಿಷದಿಂದ ಶುರುಮಾಡಿ ಕಳ್ಸಿ, ಓದೋಕೆ ಕಾಯ್ತಿರ್ತೀನಿ.